ತೂಬುಗಾರನ ಕಣ್ಣು

ಊಟದ ಮೇಜಿನ ಆ ಬದಿಗೆ ಮಾವ, ಈ ಬದಿಗೆ ಸೊಸೆ, ನಡುವೆ ಒಂದು ಸ್ಟೀಲಿನ ಬೋಗುಣಿ. ಮಾವ ಬಟಾಣಿ ಕಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸುವರು, ಕಾಳು ಬೋಗುಣಿಗೆ ಬೀಳುವುದು. ಸೊಸೆ ಬಿಡಿಸುವಳು, ಕಾಳು ಬೀಳುವುದು. ಮೊದಮೊದಲು ಟಣ್ ಟಣ್ ಎನ್ನುತ್ತಿದ್ದ ಬೋಗುಣಿ ತಳ ಮುಚ್ಚಿದ ಮೇಲೆ ಸುಮ್ಮನಾಯಿತು. ಅರ್ಧ ಗಂಟೆಯಾದರೂ ಇಬ್ಬರ ಬಾಯಿಂದ ಒಂದು ಅಕ್ಷರ ಉದುರಿರಲಿಲ್ಲ. ಹುಳ ಬಿದ್ದ ಕಾಯಿ ಸಿಕ್ಕರೆ ಮಾವ ಅದನ್ನೆತ್ತಿ ತೋರಿಸುವರು, ಸೊಸೆ ತಲೆಯಾಡಿಸುವಳು, ಅದು ಸಿಪ್ಪೆಯ ರಾಶಿಗೆ ಹೋಗುವುದು.

ಜಗಳವೇನೂ ಇರಲಿಲ್ಲ. ಇಬ್ಬರೂ ಹುಟ್ಟಿದ್ದೇ ಹಾಗೆ. "ನೀವಿಬ್ರೇ ಮನೇಲಿದ್ರೆ ಗಡಿಯಾರನೇ ಗಲಾಟೆ ಮಾಡ್ತಿದೆ ಅನ್ಸುತ್ತೆ" ಎಂದು ಅವಳ ಗಂಡ ಕೆಲಸಕ್ಕೆ ಹೊರಡುವಾಗ ನಗುತ್ತಿದ್ದ. ಅತ್ತೆಗೆ ಮಾತ್ರ ಈ ಮೌನದಿಂದ ಉಂಡದ್ದು ಅರಗುತ್ತಿರಲಿಲ್ಲ. ಅವರು ಇಬ್ಬರ ಪಾಲಿನ ಮಾತನ್ನೂ ಸೇರಿಸಿ ತಾವೇ ಆಡಿ ಮುಗಿಸುತ್ತಿದ್ದರು.

ಆ ದಿನ ಸೊಸೆಯ ಕೈ ಬಟಾಣಿಯಲ್ಲಿತ್ತು, ಜೀವವೆಲ್ಲ ಮೇಜಿನ ತುದಿಯಲ್ಲಿ ಮಗುಚಿಟ್ಟ ಟ್ಯಾಬಿನಲ್ಲಿತ್ತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅವಳು. ಒಡೆದ ಗಾಜಿನ ಹಳೆಯ ಫೋನಿನ ಮೇಲೆ ಬೆರಳಲ್ಲಿ ಗೀಚಿ ಗೀಚಿ ಚಿತ್ರ ಕಲಿತು, ಆಮೇಲೆ ಯಾರೋ ಬಳಸಿ ಬಿಟ್ಟ ಟ್ಯಾಬು, ಪೆನ್ನು ಕೊಂಡು, ಮೂರು ವರ್ಷದಿಂದ ಕಂಪ್ಯೂಟರ್ ಆಟ ಮಾಡುವ ಒಂದು ಕಂಪನಿಗೆ ಮನೆಯಿಂದಲೇ ಬರೆದುಕೊಡುತ್ತಿದ್ದಳು. ಬರೆದದ್ದೇನು? ಪೀಪಾಯಿ, ಬಾಗಿಲು, ಮರದ ಪೆಟ್ಟಿಗೆ, ಪಾಚಿ ಕಟ್ಟಿದ ಕಲ್ಲು. ಆಟದಲ್ಲಿ ಯಾರೂ ನಿಂತು ನೋಡದೆ ಓಡಿಹೋಗುವ ವಸ್ತುಗಳು. ಅವಳು ಅವನ್ನೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಬರೆಯುತ್ತಿದ್ದಳು. ಅದನ್ನು ಕಂಡೇ ಇರಬೇಕು, ಚಿತ್ರ ವಿಭಾಗದ ಮುಖ್ಯಸ್ಥೆ, ಎಲ್ಲರೂ ಬರೀ ಮೇಡಂ ಎನ್ನುವಾಕೆ, ಮೊದಲ ಸಲ ಅವಳಿಗೊಂದು ಮನುಷ್ಯನ ಚಿತ್ರ ಕೊಟ್ಟಿದ್ದರು. ಅದೂ ಅಂತಿಂಥವನದಲ್ಲ, ಆ ಆಟದ ಖಳನದು.

ಅವನು ತೂಬುಗಾರ. ಅಣೆಕಟ್ಟೆಯ ಬಾಗಿಲು ತೆಗೆದು ಮುಚ್ಚುವ ಕೆಲಸದವನು. ಒಂದು ಬಿರುಮಳೆಯ ದಿನ ಕೆಳಗಿನ ಪಟ್ಟಣ ಮುಳುಗಲಿ ಎಂದೇ ಎಲ್ಲ ತೂಬುಗಳನ್ನೂ ತೆರೆದುಬಿಡುತ್ತಾನೆ. ಕಟ್ಟೆಯ ಮೇಲೆ ಒಂದೇ ಒಂದು ದೀಪದ ಕಂಬ, ಅದರಡಿಯಲ್ಲಿ ತೂಬಿನ ಚಕ್ರ ಹಿಡಿದು ನಿಂತ ಅವನು. ಅಷ್ಟನ್ನು ಬರೆಯಬೇಕಿತ್ತು.

ಸೊಸೆ ಎರಡು ಸಲ ಬರೆದಳು, ಎರಡು ಸಲವೂ ವಾಪಸು ಬಂತು. ಮೊದಲನೆಯದರಲ್ಲಿ ಕೆಂಪು ಕಣ್ಣು, ಕೆನ್ನೆಗೆ ಗಾಯದ ಗೆರೆ, ಕಚ್ಚಿದ ಹಲ್ಲು ಎಲ್ಲ ಇದ್ದವು. ಇವನು ಕೆಟ್ಟವನಲ್ಲ, ಕೆಟ್ಟವನ ವೇಷ ಹಾಕಿದವನು ಎಂದು ಮೇಡಂ ಬರೆದಿದ್ದರು. ಎರಡನೆಯದಕ್ಕೆ ಬಂದ ಉತ್ತರ ಇನ್ನೂ ಚಿಕ್ಕದು: ಬೆಳಕು ಸುಳ್ಳು ಹೇಳುತ್ತಿದೆ. ಜೊತೆಗೆ, ಶುಕ್ರವಾರ ಸಂಜೆ ಐದರೊಳಗೆ ಸರಿಯಾದದ್ದು ಬರದಿದ್ದರೆ ತೂಬುಗಾರನನ್ನು ಆಫೀಸಿನ ಬೇರೊಬ್ಬ ಕಲಾವಿದನಿಗೆ ಕೊಡುವುದಾಗಿಯೂ, ಬೇಸರ ಬೇಡ, ಪೀಪಾಯಿಗಳಂತೂ ಇದ್ದೇ ಇವೆ ಎಂದೂ ಇತ್ತು. ಆ ಕೊನೆಯ ಮಾತು ಸಮಾಧಾನಕ್ಕೆ ಹೇಳಿದ್ದೇ ಆದರೂ ಸೊಸೆಗೆ ಚೂರಿಯ ಹಾಗೆ ನಾಟಿತ್ತು. ಇನ್ನೊಂದು ಪೀಪಾಯಿ ಬರೆದರೆ ತಾನೂ ಪೀಪಾಯಿಯಾಗುತ್ತೇನೆ ಎಂದು ಅವಳಿಗೆ ಅನ್ನಿಸಿತ್ತು.

ಅಂದು ಮಂಗಳವಾರ.

ಬಟಾಣಿ ಮುಗಿದು, ಸಿಪ್ಪೆ ಸುರಿದು ಬರಲು ಅವಳು ಒಳಗೆ ಹೋದಳು. ಬರುವಷ್ಟರಲ್ಲಿ ಮಾವ ಮೇಜು ಒರೆಸಲೆಂದು ಟ್ಯಾಬನ್ನು ಎತ್ತಿದ್ದರು. ಪರದೆ ಹೊತ್ತಿಕೊಂಡಿತ್ತು. ಅವರು ಒಂದು ಕೈಯಲ್ಲಿ ಒದ್ದೆ ಬಟ್ಟೆ, ಒಂದು ಕೈಯಲ್ಲಿ ತೂಬುಗಾರನನ್ನು ಹಿಡಿದು ನಿಂತಿದ್ದರು. ಸೊಸೆ ನಾಚಿಕೆಯಿಂದ ಬಾಗಿಲಲ್ಲೇ ನಿಂತಳು. ಮಾವ ಟ್ಯಾಬು ಕೆಳಗಿಟ್ಟರು, ಮೇಜು ಒರೆಸಿದರು, ಬಟ್ಟೆ ಹಿಂಡಿ ಹರವಿದರು. ಆಮೇಲೆ ಗೋಡೆಗೆ ಹೇಳುವವರ ಹಾಗೆ ಹೇಳಿದರು.

"ಮಳೆ ಎಲ್ಲಾ ಕಡೆ ಬೀಳುತ್ತೆ ಕಣಮ್ಮ. ಕಾಣೋದು ದೀಪದ ಹತ್ರ ಮಾತ್ರ."

ಹೇಳಿದವರು ಯಾರೋ ದಾರಿಹೋಕರಲ್ಲ. ಮೂವತ್ತೈದು ವರ್ಷ ಬೀದಿದೀಪಗಳ ಲೈನ್‌ಮನ್ ಆಗಿದ್ದವರು. ಜನ ಮಳೆ ಬಂದರೆ ಮನೆ ಸೇರುತ್ತಾರೆ, ಲೈನ್‌ಮನ್ ಮಳೆ ಬಂದರೆ ಮನೆ ಬಿಡುತ್ತಾನೆ. ಎಷ್ಟು ಬಿರುಮಳೆಯಲ್ಲಿ, ಎಷ್ಟು ಕಂಬಗಳ ಅಡಿಯಲ್ಲಿ ತಲೆಯೆತ್ತಿ ನಿಂತಿದ್ದರೋ ಅವರಿಗೇ ಲೆಕ್ಕ ತಪ್ಪಿತ್ತು.

ಸೊಸೆಗೆ ಕೆನ್ನೆಗೆ ಹೊಡೆದ ಹಾಗಾಯಿತು. ಟ್ಯಾಬಿನಲ್ಲಿ ಬರೆಯುವವರಿಗೆ ಮಳೆ ಸಿದ್ಧವಾಗಿ ಸಿಗುತ್ತದೆ. ಬಿಳಿ ಗೀಟುಗಳ ಒಂದು ಪದರ, ಅದನ್ನು ತಂದು ಇಡೀ ಚಿತ್ರದ ಮೇಲೆ ಹೊದಿಸಿದರೆ ಮಳೆ ಬಂತು. ಅವಳೂ ಹಾಗೇ ಹೊದಿಸಿದ್ದಳು. ಕತ್ತಲಲ್ಲೂ ಬಿಳಿ ಗೀಟು, ಬೆಳಕಲ್ಲೂ ಬಿಳಿ ಗೀಟು. ಕೈಯಿಂದ ಬರೆಯುವವನು ಒಂದೊಂದು ಹನಿಗೂ ಬೆವರುತ್ತಾನಾದ್ದರಿಂದ ಇಂಥ ತಪ್ಪು ಮಾಡುವುದಿಲ್ಲ. ಇದು ಸುಲಭದ ಮಳೆಯವರ ತಪ್ಪು. ಅವಳು ಪೆನ್ನೆತ್ತಿ ಆ ಪದರವನ್ನು ಅಳಿಸಿದಳು. ಒಂದು ಚಿಟಿಕೆಯಲ್ಲಿ ಬಿರುಮಳೆ ನಿಂತಿತು. ಮಾವನ ಹುಬ್ಬು ಮೇಲೇರಿತು, ಇಷ್ಟು ಸುಲಭಕ್ಕೆ ನಿಲ್ಲುವುದಾಗಿದ್ದರೆ ತಮ್ಮ ಮೊಣಕಾಲು ಇನ್ನೂ ನೆಟ್ಟಗಿರುತ್ತಿತ್ತು ಎನ್ನುವ ಹಾಗೆ.

ಆ ಮಧ್ಯಾಹ್ನ ಮಾವ ನಾಲ್ಕು ವರ್ಷದಲ್ಲಿ ಆಡದಷ್ಟು ಮಾತಾಡಿದರು, ಅಂದರೆ ಹತ್ತು ಹನ್ನೆರಡು ವಾಕ್ಯ. ಒದ್ದೆ ರೇನ್‌ಕೋಟು ಹೊಳೆಯುವುದಿಲ್ಲ, ಕಪ್ಪಾಗುತ್ತದೆ, ಅಂಚು ಮಾತ್ರ ಹೊಳೆಯುತ್ತದೆ. ದೀಪ ಮೇಲಿದ್ದರೂ ನೆಲ ಒದ್ದೆಯಾಗಿದ್ದರೆ ಬೆಳಕು ಕೆಳಗಿಂದ ಎದ್ದು ಗಲ್ಲದಡಿಗೆ ಬರುತ್ತದೆ. ಟೋಪಿಯ ಅಂಚಿನಿಂದ ಬೀಳುವ ಹನಿ, ಬೀಳುವ ಮುಂಚೆ ಒಂದು ಗಳಿಗೆ ದೀಪವನ್ನೇ ಹೊಟ್ಟೆಯಲ್ಲಿಟ್ಟುಕೊಂಡು ತೂಗುತ್ತದೆ. ಸೊಸೆ ಬೆರಗಾಗಿ ಕೇಳಿದಳು. ಇಷ್ಟೆಲ್ಲ ಕಂಡ ಕಣ್ಣು ದಿನಾ ಎದುರಿಗೆ ಕೂತು ಬಟಾಣಿಯ ಹುಳ ಹುಡುಕುತ್ತಿತ್ತಲ್ಲ!

ಆದರೆ ಕೇಳಿದ್ದನ್ನು ಬರೆಯಲು ಹೋದರೆ ಕೈಗೆ ಬರಲಿಲ್ಲ. ಬುಧವಾರ ಬೆಳಿಗ್ಗೆ ಅವಳು ಕಾಫಿ ಲೋಟ ಮಾವನ ಮುಂದಿಟ್ಟು, ಲೋಟವನ್ನೇ ನೋಡುತ್ತಾ, ನೀವು ಒಂದು ಸಲ ಮಳೆಯಲ್ಲಿ ದೀಪದಡಿ ಹಾಗೆ ನಿಂತರೆ ಫೋಟೋ ತೆಗೆದುಕೊಳ್ಳುತ್ತೇನೆ ಎಂದಳು. ಎಲ್ಲಿ, ಹೇಗೆ, ಮಳೆ ಎಲ್ಲಿಂದ ಎಂದು ಮಾವ ಕೇಳುವ ಮೊದಲೇ ಅತ್ತೆ ಅಡುಗೆಮನೆಯಿಂದ ಹೊರಬಂದಿದ್ದರು. ಅವರಿಗೆ ಮಾತು ಕೇಳಿಸಿದರೆ ಸಾಕು, ವಿಷಯ ಗೊತ್ತಾಗಬೇಕೆಂದಿಲ್ಲ. "ಬಚ್ಚಲುಮನೆ ಇಲ್ವಾ? ಶವರ್ ಬಿಟ್ರೆ ಮಳೆ, ಕಿಟಕಿ ಮುಚ್ಚಿದ್ರೆ ಕತ್ತಲೆ" ಎಂದರು. ಸೊಸೆ ರಾತ್ರಿಯಿಡೀ ತಲೆ ಕೆಡಿಸಿಕೊಂಡದ್ದನ್ನು ಅತ್ತೆ ಸೆರಗಿಗೆ ಕೈ ಒರೆಸುವಷ್ಟರಲ್ಲಿ ಬಗೆಹರಿಸಿದರು.

ಹನ್ನೊಂದು ಗಂಟೆಗೆ ಬಚ್ಚಲುಮನೆ ಅಣೆಕಟ್ಟೆಯಾಯಿತು. ಕಿಟಕಿಗೆ ರಟ್ಟು ಹೊಡೆದರು. ದೀಪದ ವಿಷಯ ಬಂದಾಗ ಮಾವ ಅಧಿಕಾರ ವಹಿಸಿಕೊಂಡರು. ನೀರಿರುವ ಕಡೆ ವಯರು ಎಳೆದ ದೀಪ ಬೇಡವೇ ಬೇಡ ಎಂದು ಖಂಡಿತವಾಗಿ ಹೇಳಿ, ಬ್ಯಾಟರಿಯ ಟಾರ್ಚನ್ನು ನೆಲ ಒರೆಸುವ ಕೋಲಿನ ತುದಿಗೆ ಕಪ್ಪು ಟೇಪಿನಿಂದ ಬಿಗಿದರು. ಬೀದಿದೀಪಕ್ಕೆ ಟೋಪಿ ಇರುತ್ತದೆ, ಟೋಪಿ ಇಲ್ಲದಿದ್ದರೆ ಬೆಳಕು ಚೆಲ್ಲಾಪಿಲ್ಲಿ ಎಂದು ಒಂದು ಹಳೆಯ ತಗಡಿನ ತಟ್ಟೆಗೆ ತೂತು ಕೊರೆದು ಟಾರ್ಚಿಗೆ ತೊಡಿಸಿದರು. ಬೆಳಕು ಲಂಗದ ಹಾಗೆ ಕೆಳಗಿಳಿಯಿತು. ಸೊಸೆ ಅವರ ಬೆರಳುಗಳನ್ನೇ ನೋಡುತ್ತಿದ್ದಳು. ಅವು ದಪ್ಪ, ಗಂಟುಗಂಟು, ಒಂದು ಉಗುರು ಅರ್ಧವೇ ಇತ್ತು, ಆದರೆ ಒಂದು ಚಲನೆಯೂ ವ್ಯರ್ಥವಾಗಲಿಲ್ಲ. ತಾನು ಒಂದು ಗೆರೆಗೆ ಹತ್ತು ಸಲ ಅಳಿಸುತ್ತೇನಲ್ಲ, ಈ ಕೈಗೆ ಅಳಿಸುವ ಅವಕಾಶವೇ ಇರಲಿಲ್ಲ ಎಂದುಕೊಂಡಳು.

ಅತ್ತೆ ಸ್ಟೂಲಿನ ಮೇಲೆ ಹತ್ತಿ ಕೋಲು ಹಿಡಿದು ದೀಪದ ಕಂಬವಾದರು. ಮಾವ ಕೆಲಸದ ಕಾಲದ ರೇನ್‌ಕೋಟು ತೊಟ್ಟು ಶವರಿನಡಿ ನಿಂತರು. ಬಿಸಿನೀರಾದರೆ ಆವಿ ಎದ್ದು ಫೋಟೋ ಮಸುಕಾಗುವುದರಿಂದ ತಣ್ಣೀರೇ ಆಗಬೇಕಿತ್ತು. ಸೊಸೆ ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು ಫೋನು ಹಿಡಿದಳು.

ಮಾವ ಹೇಳಿದ್ದು ಒಂದೊಂದೂ ಕಣ್ಣೆದುರಿಗಿತ್ತು. ನೀರು ಬೆಳಕಿನ ಲಂಗದೊಳಗೆ ಮಾತ್ರ ಇತ್ತು, ಆಚೆಗೆ ಬರೀ ಸದ್ದು. ಹೆಗಲಂಚು ಮಿಂಚುತ್ತಿತ್ತು, ಎದೆ ಬಾವಿಯಷ್ಟು ಕಪ್ಪು.

ತೊಂದರೆ ಇದ್ದದ್ದು ಮುಖದಲ್ಲಿ. ಕ್ಯಾಮೆರಾ ಕಂಡ ಕೂಡಲೇ ಮಾವ ಗುರುತಿನ ಚೀಟಿಯ ಫೋಟೋಗೆ ನಿಂತವರ ಹಾಗೆ ನೆಟ್ಟಗಾಗಿ ಸಣ್ಣಗೆ ನಕ್ಕರು. ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ, ಪಟ್ಟಣ ಮುಳುಗಿಸು ಎಂದರೆ ಹೇಗೆ ಮುಳುಗಿಸಿಯಾರು? ಅತ್ತೆ ಸ್ಟೂಲಿನ ಮೇಲಿಂದಲೇ ಚಾಟಿ ಬೀಸಿದರು. "ಸ್ವಲ್ಪ ಸಿಟ್ಟು ಮಾಡ್ಕೊಳ್ರೀ. ನಲವತ್ತು ವರ್ಷದಲ್ಲಿ ನನ್ನ ಮೇಲೆ ಒಂದು ಸಲಾನಾದ್ರೂ ಬಂದಿರ್ಬೇಕಲ್ಲ, ಅದನ್ನ ನೆನೆಸ್ಕೊಳ್ಳಿ." ಮಾವ ಕಣ್ಣು ಕಿಸಿದರು. ಹಲ್ಲುನೋವಿನವರ ಹಾಗೆ ಕಂಡರು. ಅತ್ತೆ ನಕ್ಕಾಗ ಕೋಲು ಅಲ್ಲಾಡಿ ಬೆಳಕೆಲ್ಲ ಚೆಲ್ಲಿತು. ಮೂವತ್ತು ಫೋಟೋ ಆಯಿತು, ಮೂವತ್ತರಲ್ಲೂ ಒಬ್ಬ ಒಳ್ಳೆಯ ಮನುಷ್ಯ ನೆನೆಯುತ್ತಿದ್ದ.

ಸೊಸೆ ಫೋನು ಇಳಿಸಿದಳು. ಇನ್ನೊಂದು ಸ್ಟೂಲು ತಂದು ಮಾವನೆದುರು ತಲೆಕೆಳಗಾಗಿಟ್ಟಳು. ಮೇಲೆ ಚಾಚಿದ ಅದರ ಎರಡು ಕಾಲುಗಳನ್ನು ತೂಬಿನ ಚಕ್ರವೆಂದು ಹಿಡಿದುಕೊಳ್ಳಿ ಎಂದು ತೋರಿಸಿದಳು. ಆಮೇಲೆ ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದಳು. "ಸಿಟ್ಟು ಬೇಡ ಮಾವ. ಇನ್ನೂ ಏನೂ ಮಾಡಿಲ್ಲ. ಮಾಡ್ಲೋ ಬೇಡ್ವೋ ಅಂತ ಇದೀರಿ. ಅಷ್ಟೇ."

ಮಾವ ಎರಡು ಕಾಲುಗಳನ್ನೂ ಎರಡು ಕೈಯಲ್ಲಿ ಹಿಡಿದರು. ನೀರು ಸುರಿಯುತ್ತಿತ್ತು. ಅವರು ತಲೆಯೆತ್ತಿ ದೀಪದ ಕಡೆ ನೋಡಿದರು.

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹುಬ್ಬು ಗಂಟಿಕ್ಕಲಿಲ್ಲ, ತುಟಿ ಬಿಗಿಯಲಿಲ್ಲ. ಆದರೂ ಅಲ್ಲಿ ನಿಂತಿದ್ದವರು ಮಾವನಲ್ಲ. ಕಣ್ಣು ಮೇಲೆ ಏನನ್ನೋ ಅಳೆಯುತ್ತಿತ್ತು, ಅವಸರವಿಲ್ಲದೆ, ತೂಗಿ ನೋಡುವ ಅಂಗಡಿಯವನ ಹಾಗೆ. ಬೆರಳ ಗಿಣ್ಣುಗಳು ಬಿಳಿಚಿಕೊಂಡು, ನಿಧಾನವಾಗಿ ಸಡಿಲವಾದವು, ಮತ್ತೆ ಬಿಗಿಯಾದವು. ಸೊಸೆಯ ಕೈ ತನ್ನ ಪಾಡಿಗೆ ತಾನು ಫೋನಿನ ಗುಂಡಿಯನ್ನು ಮೂರು ಸಲ ಒತ್ತಿತು.

"ನೀರು ತಣ್ಣಗಿದೆ" ಎಂದು ಮಾವ ಆಚೆ ಬಂದರು. ಟವೆಲಿನಲ್ಲಿ ತಲೆ ಒರೆಸಿ ಮುಖ ತೆಗೆದಾಗ ಮತ್ತೆ ಅದೇ ಮಾವ.

ಬುಧವಾರದ ಮಧ್ಯಾಹ್ನದಿಂದ ಶುಕ್ರವಾರದ ಮಧ್ಯಾಹ್ನದವರೆಗೆ ಸೊಸೆ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ ಎಂದರೂ ಸರಿ. ಪರದೆಯ ಮೇಲೆ ಬಿಸಿಲು ಬಿದ್ದು ಕತ್ತಲೆಯ ಬಣ್ಣಗಳು ಮೋಸ ಮಾಡಬಾರದೆಂದು ಮಾವ ತಾವಾಗಿಯೇ ಕಿಟಕಿಗೆ ಬೆಡ್‌ಶೀಟು ಕಟ್ಟಿಕೊಟ್ಟರು. ಅತ್ತೆ ಊಟ ತಂದು ಪಕ್ಕದಲ್ಲಿಟ್ಟು, ಮುಟ್ಟದ ತಟ್ಟೆ ನೋಡಿ ಬೈದು, ಮತ್ತೆ ಬಿಸಿ ಮಾಡಿ ತಂದರು.

ಮೊದಲು ಅವಳು ಬಣ್ಣವನ್ನೇ ಮುಟ್ಟಲಿಲ್ಲ. ಬರೀ ಬೂದು. ಇದ್ದಿಲಿನಂಥ ಬೂದು, ಮೋಡದಂಥ ಬೂದು, ಒಲೆ ಆರಿದ ಮೇಲಿನ ಬೂದು. ಬೂದಿನಲ್ಲಿ ಸತ್ಯವಾಗದ ಬೆಳಕು ಬಣ್ಣದಲ್ಲೂ ಆಗುವುದಿಲ್ಲ ಎನ್ನುವುದು ಅವಳೇ ಕಂಡುಕೊಂಡ ಪಾಠ. ಕಣ್ಣು ಅರೆಮುಚ್ಚಿ ನೋಡುವಳು, ಚಿತ್ರವನ್ನು ಕನ್ನಡಿಯಲ್ಲಿಟ್ಟ ಹಾಗೆ ಎಡಬಲ ತಿರುಗಿಸಿ ನೋಡುವಳು, ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ಅಲ್ಲಿಂದ ನೋಡುವಳು. ದೂರದಿಂದ ಹೆಬ್ಬೆರಳಷ್ಟು ಕಾಣುವಾಗಲೂ ಅದು ಮಳೆಯಲ್ಲಿ ನಿಂತ ಮನುಷ್ಯನಾಗಬೇಕು.

ಆಯಿತು. ಕಂಬದ ದೀಪದಡಿಯಲ್ಲಿ ಮಾತ್ರ ಮಳೆ ಮೂಡಿತು. ಸಿದ್ಧ ಪದರವಲ್ಲ, ಅವಳೇ ಒಂದೊಂದಾಗಿ ಎಳೆದ ಹನಿ, ದೀಪದ ಹತ್ತಿರ ದಪ್ಪ, ದೂರ ಹೋದಂತೆ ನೂಲು, ಆಮೇಲೆ ಇಲ್ಲ. ಹಿಂದೆ ಮೋಡ ಕೆಳಗಿಳಿದು ಕಟ್ಟೆಯ ಕಲ್ಲನ್ನು ನೆಕ್ಕುತ್ತಿತ್ತು. ಒದ್ದೆ ನೆಲದಿಂದ ಎದ್ದ ಮಂಕು ಹಳದಿ ಗಲ್ಲದಡಿಗೆ, ಮೂಗಿನ ಹೊಳ್ಳೆಗೆ ತಾಗಿತು. ಟೋಪಿಯ ಅಂಚಿನಲ್ಲಿ ಒಂದು ಹನಿ ದೀಪವನ್ನು ನುಂಗಿ ತೂಗಿತು. ಗಾಯದ ಗೆರೆ ತೆಗೆದಳು. ಗುರುತು ಸಿಗದಿರಲೆಂದು ಮೂಗು ಉದ್ದ ಮಾಡಿದಳು, ದವಡೆ ಅಗಲ ಮಾಡಿದಳು, ಗಡ್ಡ ಬರೆದಳು. ಕಣ್ಣಿಗೆ ಬಂದಾಗ ಪೆನ್ನು ನಿಂತಿತು. ಫೋಟೋದಲ್ಲಿದ್ದ ಕಣ್ಣಿಗಿಂತ ಒಳ್ಳೆಯದು ಅವಳ ಕಲ್ಪನೆಯಲ್ಲಿರಲಿಲ್ಲ. ಅದನ್ನು ಇದ್ದ ಹಾಗೇ ಇಳಿಸಿದಳು. ನೆರಳಿನೊಳಗೆ ಎರಡು ಸಣ್ಣ ಚುಕ್ಕೆ ಬೆಳಕು, ಒಂದು ಕೂದಲೆಳೆಯಷ್ಟು ಮೇಲ್ಮುಖ.

ಶುಕ್ರವಾರ ನಾಲ್ಕೂಕಾಲಿಗೆ ಅವಳು ಕುರ್ಚಿಗೊರಗಿದಳು. ಕೈ ಜೋಮು ಹಿಡಿದಿತ್ತು. ತಾನೇ ಬರೆದದ್ದನ್ನು ನೋಡಲು ಅವಳಿಗೇ ಹೆದರಿಕೆಯಾಯಿತು, ಜೊತೆಗೆ ಎಂಥದೋ ಹಿಗ್ಗು. ಇದು ಪೀಪಾಯಿಯಲ್ಲ. ಇದನ್ನು ದಾಟಿ ಯಾರೂ ಓಡಿಹೋಗಲಾರರು.

ಅತ್ತೆ ಬಂದು ನೋಡಿದರು. ಅವರ ಬಾಯಿಗೆ ಮಾತು ಬರಲು ಇಷ್ಟು ಹೊತ್ತು ಹಿಡಿದದ್ದನ್ನು ಸೊಸೆ ಕಂಡಿರಲಿಲ್ಲ. ಕೊನೆಗೆ, "ಇವನು ಯಾರನ್ನ ನೋಡ್ತಿದಾನೆ?" ಎಂದು ಮಾತ್ರ ಕೇಳಿ, ಗಂಡನನ್ನು ಕರೆದರು.

ಮಾವ ಕನ್ನಡಕ ಹಾಕಿಕೊಂಡು ಬಂದರು. ಬಗ್ಗಿ ನೋಡಿದರು. ಮೊದಲು ದೀಪ, ಆಮೇಲೆ ಮಳೆ, ಆಮೇಲೆ ನೆಲ, ಕಂಬವನ್ನು ಪರೀಕ್ಷಿಸುವವರ ಹಾಗೆ ಮೇಲಿಂದ ಕೆಳಗೆ. ಬೆಳಕು ಸರಿ ಇದೆ ಎಂದರು. ಎಲ್ಲೂ ತಪ್ಪಿಲ್ಲ, ನೋಡಿದರೆ ತಮ್ಮ ಕಾಲು ಒದ್ದೆಯಾಗುತ್ತಿದೆ, ಮೂವತ್ತೈದು ವರ್ಷ ತಾವು ನಿಂತ ಜಾಗವನ್ನು ಕುರ್ಚಿಯಲ್ಲಿ ಕೂತು ಹೀಗೆ ಹಿಡಿದೆಯಲ್ಲಮ್ಮ ಎಂದರು. ಮೇಡಂ ಒಪ್ಪಲಿ ಬಿಡಲಿ, ಈ ಮಾತು ಸಿಕ್ಕಿತಲ್ಲ ಎಂದು ಸೊಸೆಗೆ ಅನ್ನಿಸಿತು.

ಆಮೇಲೆ ಅವರು ಕಣ್ಣಿಗೆ ಬಂದರು. ಅಲ್ಲಿಂದ ಮುಂದೆ ಹೋಗಲಿಲ್ಲ.

"ಏಣಿ ಹಿಡಿದಿದ್ದೆ ನಾನು" ಎಂದರು.

ಅತ್ತೆಗೆ ಅರ್ಥವಾಗಲಿಲ್ಲ. ಮಾವ ಪಕ್ಕದ ಕುರ್ಚಿ ಎಳೆದು ಕೂತು, ಚಿತ್ರದ ಮೇಲಿಂದ ಕಣ್ಣು ತೆಗೆಯದೆ ಹೇಳಿದರು. ಅವರ ತಂಡಕ್ಕೊಬ್ಬ ಮೇಸ್ತ್ರಿ ಇದ್ದ. ತಾನು ಮಾಡಿದ ತಪ್ಪನ್ನು ಮಾವನ ತಲೆಗೆ ಕಟ್ಟಿ ಆರು ತಿಂಗಳು ದೂರದ ಊರಿಗೆ ವರ್ಗ ಮಾಡಿಸಿದ್ದ. ಮಗ ಹುಟ್ಟಿದಾಗ ರಜೆ ಕೊಟ್ಟಿರಲಿಲ್ಲ, ಮಗುವಿಗೆ ನಲವತ್ತು ದಿನವಾದ ಮೇಲೆ ಇವರು ಮುಖ ನೋಡಿದ್ದು. ಇಷ್ಟು ಅತ್ತೆಗೂ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನದು. ವಾಪಸು ಬಂದ ಮೇಲೆ ಒಂದು ಮಳೆಯ ಸಂಜೆ ಕಂಬಕ್ಕೆ ಏಣಿ ಒರಗಿಸಿ ಮೇಸ್ತ್ರಿಯೇ ಹತ್ತಿದ. ಕೆಳಗೆ ಏಣಿಯ ಎರಡು ಕಾಲು ಹಿಡಿದು ನಿಂತವರು ಮಾವ. ನೆಲ ಕೆಸರು, ಕೈ ಬಿಟ್ಟರೆ ಏಣಿ ಜಾರುತ್ತದೆ, ಜಾರಿತು ಎಂದರೆ ಯಾರೂ ಕೇಳುವುದಿಲ್ಲ. ಮೇಲೆ ಮೇಸ್ತ್ರಿಯ ಚಪ್ಪಲಿಯ ಅಡಿ ಕಾಣುತ್ತಿತ್ತು.

"ಒಂದು ಉಸಿರು ಎಳೆದು ಬಿಡೋಷ್ಟು ಹೊತ್ತು" ಎಂದರು ಮಾವ. "ಬೆರಳು ಸಡಿಲ ಮಾಡಿದೆ. ಮತ್ತೆ ಹಿಡ್ಕೊಂಡೆ. ಅವನು ಇಳಿದು ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, ನೀನಿದ್ರೆ ಧೈರ್ಯ ಕಣಯ್ಯ ಅಂದ."

ಅತ್ತೆ ನಿಧಾನವಾಗಿ ಮಂಚದ ತುದಿಗೆ ಕೂತರು. ಅದೇ ಮೇಸ್ತ್ರಿ ಮಗನ ಮದುವೆಗೆ ಬಂದಿದ್ದ, ಅತ್ತೆಯೇ ಕೈಯಾರೆ ಬಡಿಸಿದ್ದರು, ಮಾವ ಪಕ್ಕದಲ್ಲಿ ನಿಂತು ಇನ್ನೊಂದಿಷ್ಟು ಹಾಕು ಎಂದಿದ್ದರು.

ಸೊಸೆ ಮಾವನನ್ನು ನೋಡಿದಳು. ಅವಳಿಗೆ ಹೆದರಿಕೆಯಾಗಲಿಲ್ಲ. ಒಂದು ಉಸಿರಿನಷ್ಟು ಕತ್ತಲನ್ನು ಮೂವತ್ತು ವರ್ಷ ಯಾರ ಮೇಲೂ ಚೆಲ್ಲದೆ ಹೊತ್ತವರು, ಅವಳ ಕೆಲಸ ಉಳಿಯಲೆಂದು ತಣ್ಣೀರಿನಡಿ ನಿಂತು ಅದನ್ನೇ ತೆಗೆದು ಕೊಟ್ಟಿದ್ದರು. ಮತ್ತೆ ಬಿಗಿಯಾದ ಆ ಬೆರಳುಗಳೂ ಚಿತ್ರದಲ್ಲಿದ್ದವು. ಆದರೆ ಆಟ ಆಡುವವರು ಬೆರಳು ನೋಡುವುದಿಲ್ಲ, ಕಣ್ಣು ನೋಡುತ್ತಾರೆ. ತೂಬುಗಾರ ನಿಂತಿದ್ದದ್ದೇ ಆ ಕಣ್ಣಿನ ಮೇಲೆ. ಅದು ಹೋದರೆ ಉಳಿಯುವುದು ಮಳೆಯಲ್ಲಿ ನೆನೆಯುವ ಒಬ್ಬ ಒಳ್ಳೆಯ ಮನುಷ್ಯ.

ಐದಕ್ಕೆ ಹದಿನೈದು ನಿಮಿಷವಿತ್ತು. ಫೈಲು ಕಳಿಸುವ ಗುಂಡಿ ಪರದೆಯ ಮೂಲೆಯಲ್ಲಿತ್ತು. ಅವಳ ಪೆನ್ನಿನ ತುದಿ ಅದಕ್ಕೂ ಆ ಕಣ್ಣಿಗೂ ನಡುವೆ, ಗಾಜಿನಿಂದ ಒಂದು ಬೆರಳೆತ್ತರದಲ್ಲಿ ನಿಂತಿತ್ತು.

ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು.

"ಆ ಕಣ್ಣು ಸ್ವಲ್ಪ ಮೆತ್ತಗೆ ಮಾಡ್ತೀಯೇನಮ್ಮ?"

ಅತ್ತೆ ಸೊಸೆಯ ಕಡೆ ನೋಡಲಿಲ್ಲ. ಸೊಸೆ ಪೆನ್ನು ಅಲುಗಿಸಲಿಲ್ಲ.

"ಒಂಚೂರು ಸಾಕು" ಎಂದರು ಮಾವ.